ಪುತಳಾಬಾಯಿಯ ಮನೆಕೀಲಿ

ಮೆಹಕರದ ಪುತಳಾಬಾಯಿಯ ಮನೆಬಾಗಿಲಿಗೆ ಆ ಹಂಗಾಮು ಮುಗಿಯುವ ತನಕ ಕೀಲಿ ಇರಲಿಲ್ಲ. ಚಿಲಕಕ್ಕೆ ಸುತಳಿ ಸುತ್ತಿ ಗಂಟು ಹಾಕಿತ್ತು. ಹಾದಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು.

“ನಿಮ್ಮ ಮನಿ ಕೀಲಿ ಎಲ್ಲಿ ಹೋಯ್ತೋ ಧೊಂಡಿಬಾ?” ಎಂದು ಆಕೆಯ ಗಂಡನನ್ನು ಕೇಳಿದರೆ ಅವನು ಕುರಿಗಳ ಹಿಂದೆ ನಡೆಯುತ್ತಲೇ, “ಭಾಲ್ಕಿಗಿ ನೌಕರಿಗಿ ಹೋಗ್ಯದ” ಎನ್ನುತ್ತಿದ್ದ.

ಚೇಷ್ಟೆಯ ಮಾತಾದರೂ ಅದು ಸುಳ್ಳಲ್ಲ. ಆ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆರೆಯುವುದಕ್ಕೆ ಕೀಲಿಕೈ. ಆ ಕೀಲಿ ಭಾಲ್ಕಿಯ ಸ್ಟೇಷನ್ ಹತ್ತಿರದ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಒಂದು ಸರಪಳಿಗೆ ಬಿದ್ದಿತ್ತು. ಅದರ ಕೀಲಿಕೈ ಪುತಳಾಬಾಯಿಯ ಸೆರಗಿನ ಗಂಟಿನಲ್ಲಿತ್ತು.

ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಪುತಳಾಬಾಯಿ ನಿಜಾಮನ ಕಾಲದಿಂದಲೂ ಹತ್ತಿಯ ಹಂಗಾಮು ಬಂದರೆ ಮೆಹಕರ ಬಿಟ್ಟು ಭಾಲ್ಕಿಗೆ ಬಂದು, ಜಿನ್ನಿನ ಗೋಡೆಯ ಮಗ್ಗುಲಿಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದಳು. ಎತ್ತರದ ಹೆಂಗಸು. ಮಾತು ಕಡಿಮೆ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ಇನ್ನೂ ಕಡಿಮೆ. ಭಾತಂಬ್ರಾಕ್ಕೆ ಕೊಟ್ಟಿದ್ದ ತಂಗಿ ಗಂಗುಬಾಯಿಯೂ ಜೊತೆಗೆ ಬರುತ್ತಿದ್ದಳು. ಅವಳು ಅಕ್ಕನ ತದ್ವಿರುದ್ಧ. ಕೆಲಸ ಮಾಡುತ್ತಲೇ ಹಾಡಬೇಕು, ನಗಬೇಕು, ಯಾರನ್ನಾದರೂ ಕೆಣಕಬೇಕು.

ಜಿನ್ನಿನ ಮೇಲಂತಸ್ತಿನಲ್ಲಿ ಯಂತ್ರಗಳ ಸಾಲು. ಕುಬರಾ ಎಂಬಾಕೆ ಮತ್ತು ಇತರ ಹೆಂಗಸರು ಅಲ್ಲಿ ಕುಳಿತು ಅವುಗಳ ಬಾಯಿಗೆ ಹತ್ತಿ ಉಣಿಸುತ್ತಿದ್ದರು. ಅರಳೆ ಒಂದು ಕಡೆ ಹಾರಿ ಬೀಳುತ್ತಿತ್ತು, ಕಾಳು ಕೆಳಗಿನ ಗಲ್ಲಿಗೆ ಉದುರುತ್ತಿತ್ತು. ಗಲ್ಲಿ ಎಂದರೆ ಬೀದಿಯಲ್ಲ, ನೆಲದ ಕೆಳಗೆ ಬೆನ್ನು ಬಗ್ಗಿಸಿ ನಡೆಯಬೇಕಾದ ಉದ್ದನೆಯ ಮಬ್ಬು ಓಣಿ. ಅದರ ಉದ್ದಕ್ಕೂ ಮುಂಗೈ ಗಾತ್ರದ ಒಂದು ಕಬ್ಬಿಣದ ದಂಡ. ಮೇಲಿನ ಯಂತ್ರಗಳನ್ನೆಲ್ಲ ತಿರುಗಿಸುತ್ತಿದ್ದುದು ಅದೇ. ಅರಳೆಯ ಎಳೆ ಹಾರಿ ಬಂದು ತಿರುಗುವ ದಂಡಕ್ಕೆ ಸುತ್ತಿಕೊಂಡು ಹಗ್ಗದಂತೆ ಬಿಗಿಯುತ್ತಿತ್ತು. ಕೊಯ್ದು ತೆಗೆಯದೆ ಬಿಟ್ಟರೆ ಅದು ಕಾಯ್ದು ಬೆಂಕಿ ಹತ್ತುವುದು. ಅದನ್ನು ಕೊಯ್ಯುವುದು, ಕಾಳು ಬಳಿದು ಹೊರಗೆ ಹಾಕುವುದು ಅಕ್ಕತಂಗಿಯರ ಕೆಲಸ.

ಅವರು ಇಳಿಯುವ ಮೊದಲು ದಂಡ ನಿಲ್ಲಬೇಕು. ಎಂಜಿನ್ನಿನಿಂದ ದಂಡಕ್ಕೆ ಅಗಲವಾದ ಚರ್ಮದ ಪಟ್ಟಾ ಬರುತ್ತಿತ್ತು. ದಂಡದ ತುದಿಗೆ ಎರಡು ಗಾಲಿ: ಒಂದು ದಂಡಕ್ಕೆ ಬಿಗಿದದ್ದು, ಇನ್ನೊಂದು ಸುಮ್ಮನೆ ತಿರುಗುವ ಖಾಲಿ ಗಾಲಿ. ನರಸಿಂಗ ಎಂಬ ಆಳು ಉದ್ದನೆಯ ಹಿಡಿಕೆ ಎಳೆದು ಪಟ್ಟಾವನ್ನು ಖಾಲಿ ಗಾಲಿಗೆ ಸರಿಸಿದರೆ, ಎಂಜಿನ್ ಓಡುತ್ತಿದ್ದರೂ ದಂಡ ನಿಲ್ಲುವುದು. ಹಿಡಿಕೆ ಮರಳಿ ದೂಡಿದರೆ ದಂಡ ಓಡುವುದು. ಕೆಳಗಿದ್ದವರ ಜೀವ ಆ ಹಿಡಿಕೆಯಲ್ಲಿತ್ತು.

ಮೊದಲು ಅದಕ್ಕೆ ಎರಡೇ ಕೂಗು. ಎಂಜಿನ್ ಮಿಸ್ತ್ರಿ ಖಾಸಿಂ ಅಲಿ ಕೆಲಸಕ್ಕೆ ಸೇರಿದಾಗಿನಿಂದ ನಡೆದು ಬಂದದ್ದು. ನಿಲ್ಲಿಸಬೇಕಾದರೆ “ಬಂದ್”, ಓಡಿಸಬೇಕಾದರೆ “ಚಾಲು”.

ಆ ಹಂಗಾಮಿಗೆ ಹೊಸ ಮ್ಯಾನೇಜರ್ ಬಂದರು. ಶಿವನಂಜಯ್ಯ ಎಂದು ಹೆಸರು, ಮೈಸೂರು ಕಡೆಯವರು, ದಾವಣಗೆರೆಯ ಗಿರಣಿಯಲ್ಲಿ ಕೆಲಸ ಮಾಡಿದವರು. ಇನ್ನು ಮುಂದೆ ಸರ್ಕಾರದ ಕಾಗದ ಪತ್ರ ಕನ್ನಡದಲ್ಲಿ ಬರುತ್ತವೆ ಎಂದು ಜಿನ್ನಿನ ಮಾಲೀಕರಾದ ಸೇಠಜಿ ಅವರನ್ನು ಕರೆಸಿದ್ದರು. ಒಳ್ಳೆಯ ಮನುಷ್ಯ. ಕೂಲಿ ಹೆಂಗಸರನ್ನೂ ‘ಅಮ್ಮ’ ಎಂದೇ ಮಾತಾಡಿಸುವರು. ಬಂದವರೇ ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿ ಹೇಳಿದರು: “ನೋಡಿ, ಈಗ ನಾವೆಲ್ಲ ಒಂದೇ ರಾಜ್ಯ. ಕೆಲಸದ ಮಾತೂ ನಮ್ಮದೇ ಇರಲಿ. ನಿಲ್ಲಿಸೋಕೆ ‘ನಿಲ್ಲಿಸು’ ಅನ್ನಿ. ಓಡಿಸೋಕೆ ‘ಬಿಡು’ ಅನ್ನಿ. ಆಯ್ತಾ?”

ಖಾಸಿಂ ಅಲಿ ಎಣ್ಣೆಯ ಕೈ ಒರೆಸಿಕೊಳ್ಳುತ್ತ, “ನಮಗ ಕಲಿಸ್ರಿ ಸಾಬ, ಕಲೀತೇವಿ. ಈ ಎಂಜಿನ್ನಿಗಿ ಹ್ಯಾಂಗ ಕಲಿಸ್ತೀರಿ? ಇದು ವಿಲಾಯತಿ ಅದ. ನಾ ಉರ್ದೂದಾಗ ಬೈದು ಬೈದು ಇಷ್ಟು ದಿನ ನಡಿಸೇನಿ” ಎಂದ.

ಎಲ್ಲರೂ ನಕ್ಕರು. ಶಿವನಂಜಯ್ಯನವರೂ ನಕ್ಕರು. ನರಸಿಂಗ ಮಾತ್ರ ಹೊಸ ಮಾತನ್ನು ಗಟ್ಟಿ ಮಾಡಿಕೊಂಡ. ಹಿಡಿಕೆ ಹಿಡಿದಾಗೆಲ್ಲ ‘ನಿಲ್ಲಿಸು, ಬಿಡು, ನಿಲ್ಲಿಸು, ಬಿಡು’ ಎಂದು ತನ್ನಷ್ಟಕ್ಕೆ ಗುನುಗುತ್ತಿದ್ದ.

ಶಿವನಂಜಯ್ಯನವರು ಗಾಡಿ ಬಿಡು, ನೀರು ಬಿಡು ಎನ್ನುವ ಹಾಗೆ ಆ ಮಾತು ಆರಿಸಿದ್ದರು. ಆ ಅರ್ಥ ಭಾಲ್ಕಿಯಲ್ಲೂ ಇತ್ತು. ಆದರೆ ಕೆಲಸ ಬಿಡು, ಕೈ ಬಿಡು, ಸಾಕು ಬಿಡು ಎನ್ನುವುದೂ ಅದೇ ಬಾಯಲ್ಲಿ ಇತ್ತು. ಒಂದೇ ಮಾತು ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಒದಗುತ್ತದೆ ಎಂದು ಅಂಗಳದಲ್ಲಿ ಕುಳಿತಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಒಂದು ಮಧ್ಯಾಹ್ನ. ಪಟ್ಟಾ ಖಾಲಿ ಗಾಲಿಯ ಮೇಲಿತ್ತು, ದಂಡ ನಿಂತಿತ್ತು. ಪುತಳಾಬಾಯಿ ಕಾಳು ಬಳಿದು ಮುಗಿಸಿ ಮೆಟ್ಟಿಲ ಹತ್ತಿರ ಬಂದಿದ್ದಳು. ಗಂಗುಬಾಯಿ ಇನ್ನೂ ಒಳಗೆ, ಬಲಗೈಯಲ್ಲಿ ಅರಳೆಯ ಹಗ್ಗ ಹಿಡಿದು ಎಡಗೈಯ ಕುಡಗೋಲಿನಿಂದ ಕೊಯ್ಯುತ್ತಿದ್ದಳು. ಅವಳು ಎಡಚಿ. ಹಗ್ಗ ಬಿಗಿದಿತ್ತು. ರೊಟ್ಟಿ ಬಿಚ್ಚುವ ಹೊತ್ತು ಮೀರುತ್ತಿತ್ತು.

“ಬಿಡ ಗಂಗೂ, ಬಿಡು! ಉಂಡು ಬಂದು ಕೊಯ್ಯೋಣು” ಎಂದು ಪುತಳಾಬಾಯಿ ಕೂಗಿದಳು.

ಮೇಲೆ ಎಂಜಿನ್ನಿನ ಸದ್ದಿನಲ್ಲಿ ನರಸಿಂಗನ ಕಿವಿಗೆ ಬಿದ್ದದ್ದು ಒಂದೇ ಮಾತು. ಕಲಿತ ಮಾತು. ಅವನು ಹಿಡಿಕೆ ದೂಡಿದ.

ದಂಡ ತಿರುಗಿತು. ಗಂಗುಬಾಯಿಯ ಕೂಗು ಮೇಲಿನ ಹೆಂಗಸರಿಗೂ ಕೇಳಿತು. ಖಾಸಿಂ ಅಲಿ ಗೋಡೆಗೆ ಒರಗಿಸಿದ್ದ ಬಿದಿರು ಗಳ ಕಿತ್ತುಕೊಂಡು ಓಡುವ ಪಟ್ಟಾದ ಅಂಚಿಗೆ ಇಕ್ಕಿ ಒಂದೇ ಏಟಿಗೆ ಗಾಲಿಯಿಂದ ಕೆಳಗೆ ಕೆಡವಿದ. ಅದಿಲ್ಲದಿದ್ದರೆ ಅವಳು ಹೋಗೇ ಬಿಡುತ್ತಿದ್ದಳು. ಪುತಳಾಬಾಯಿ ಒಳಗೆ ನುಗ್ಗಿ, ತಂಗಿಯ ಮುಂಗೈಗೆ ಸುತ್ತಿದ್ದ ಅರಳೆಯ ಹಗ್ಗವನ್ನು ಅದೇ ಕುಡಗೋಲಿನಿಂದ ಕೊಯ್ದಳು.

ಬೀದರದ ದವಾಖಾನೆಯಲ್ಲಿ ಡಾಕ್ಟರರು ಎಲುಬು ಕೂಡಿಸಿದರು. ಕೈ ಉಳಿಯಿತು, ಬೆರಳು ಮಡಚಲು ಬರಲಿಲ್ಲ. ಗಂಗುಬಾಯಿ ಮಂಚದ ಮೇಲೆ ಮಲಗಿಕೊಂಡೇ, “ಎಡಗೈ ಉಳೀತಲ್ಲ ಅಕ್ಕಾ, ನಾ ಸಣ್ಣಾಕಿ ಇದ್ದಾಗ ಅವ್ವ ಎಡಚಿ ಅಂತ ಸುಮ್ನ ಬೈದಳು” ಎಂದು ನಗಲು ನೋಡಿದಳು. ನಗು ಅರ್ಧಕ್ಕೆ ನಿಂತು ಅಳು ಬಂತು.

ಶಿವನಂಜಯ್ಯನವರು ದವಾಖಾನೆಗೆ ಬಂದರು. ಕೂರಲಿಲ್ಲ. ಮಂಚದ ಕಾಲು ಹಿಡಿದು ನಿಂತರು.

“ಆ ಮಾತು ನಾನು ಇಟ್ಟದ್ದು ಕಣಮ್ಮ. ಇನ್ನು ಮೇಲೆ ಹಳೇ ಮಾತೇ ಇರಲಿ. ಬಂದ್, ಚಾಲು.”

ಪುತಳಾಬಾಯಿ ತಲೆಯಾಡಿಸಿದಳು. “ಅದೂ ಬ್ಯಾಡ್ರಿ ಸಾಹೇಬ್ರ. ಇವತ್ತ ಬಿಡು ಅನ್ನೂದು ತಪ್ಪಿ ಕೇಳ್ತು, ನಾಳಿ ಬಂದ್ ಅನ್ನೂದು ಬಂದೆ ಅಂತ ಕೇಳ್ತದ. ಸದ್ದಿನಾಗ ಯಾವ ಮಾತ ನಂಬೂದು? ಕಿವಿ ಬ್ಯಾಡಾದ್ದು ಏನಾರ ಇದ್ರ ಹೇಳ್ರಿ.”

“ದಾವಣಗೆರೇಲಿ ಒಂದು ಕಡೆ ಹಿಡಿಕೆಗೆ ಸರಪಳಿ ಹಾಕಿ ಬೀಗ ಜಡೀತಿದ್ರು. ರಿಪೇರಿ ಮುಗಿಯೋ ತನಕ ಹಿಡಿಕೆ ಅಲ್ಲಾಡಂಗಿಲ್ಲ.”

“ಕೀಲಿಕೈ ಯಾರ ಬಲ್ಲಿ ಇರ್ತಿತ್ರಿ?”

“ಮ್ಯಾನೇಜರ್ ಹತ್ರ. ಆಫೀಸಲ್ಲಿ.”

“ಅಂದ್ರ ನೀವು ಆಫೀಸಿನ್ಯಾಗ, ನಾ ಗಲ್ಲಿಯಾಗ.” ಆಕೆ ತಂಗಿಯ ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟಳು. “ನಾ ಇನ್ನೂ ಒಳಗ ಇದ್ದೇನೋ ಹೊರಗ ಬಂದೇನೋ, ನಿಮಗ ಹ್ಯಾಂಗ ತಿಳೀತದ್ರಿ? ಮತ್ತ ಯಾರರ ಕೂಗಿ ಹೇಳಬೇಕು. ಮತ್ತ ಅದೇ ಆಯ್ತು. ಒಳಗ ಕೈ ಹಾಕೂದು ನಾನು. ಕೀಲಿ ಹಾಕೂದು ನಾನು, ಕೀಲಿಕೈ ನನ್ನ ಬಲ್ಲಿ. ನಾ ಮ್ಯಾಲ ಬಂದು ತೆಗೀತೇನಿ.”

ಶಿವನಂಜಯ್ಯನವರು ಅದನ್ನು ತಮ್ಮೊಳಗೆ ತೂಗಿ ನೋಡಿದರು. “ಹೌದು, ಅದೇ ಸರಿ” ಎಂದರು. ಹೋಗುವಾಗ ಚೌಬಾರಾ ಗೋಪುರದ ಹತ್ತಿರದ ಅಂಗಡಿಯಲ್ಲಿ ಒಂದು ಹೊಸ ಬೀಗ, ಒಂದು ಗಜ ಸರಪಳಿ ಕೊಂಡುಕೊಂಡೇ ಭಾಲ್ಕಿಯ ರೈಲು ಹತ್ತಿದರು.

ಗಂಗುಬಾಯಿ ಭಾತಂಬ್ರಾಕ್ಕೆ ಹೋದಳು. ಪುತಳಾಬಾಯಿ ಗಲ್ಲಿಗೆ ಮರಳಿದಳು. ಅವಳೊಂದಿಗೆ ಇಳಿಯಲು ಯಾರೂ ಬರಲಿಲ್ಲ, ಇಬ್ಬರ ಕೆಲಸ ಒಬ್ಬಳ ಮೇಲೆ ಬಿತ್ತು. ಹಿಡಿಕೆಗೆ ಸರಪಳಿ ಸುತ್ತುವುದು, ಕೀಲಿ ಹಾಕುವುದು, ಒಮ್ಮೆ ಜಗ್ಗಿ ನೋಡುವುದು, ಆಮೇಲೆ ನರಸಿಂಗನಿಗೆ “ನೀನೂ ಜಗ್ಗಿ ನೋಡಪ್ಪಾ” ಎನ್ನುವುದು. ಅವನು ಜಗ್ಗಿ, ಹಿಡಿಕೆ ಕದಲುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೇ ಇಳಿಯುವುದು. ನರಸಿಂಗ ಆ ದಿನದಿಂದ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಸರಪಳಿ ಬಿದ್ದಿದ್ದಾಗ ಮಾತ್ರ ಬೀಡಿ ಸೇದಲು ಧೈರ್ಯವಾಗಿ ಹೊರಗೆ ಹೋಗುತ್ತಿದ್ದ.

ಮೇಲಿನ ಹೆಂಗಸರಿಗೆ ಇದು ರೇಜಿಗೆ ಎನಿಸಿತು. ಆಕೆ ಬರುವ ತನಕ ಯಂತ್ರ ಕಾಯಬೇಕು, ಅವರ ಕೂಲಿ ತೂಕದ ಮೇಲೆ. ಕುಬರಾ ಮೇಲಿನಿಂದಲೇ ಬಾಯಿ ಮಾಡುವಳು: “ಸೆರಗಿನ್ಯಾಗ ಕೀಲಿಕೈ ಕಟ್ಕೊಂಡು ಜಾಗೀರದಾರ್ನಿ ಆಗ್ಯಾಳ ನೋಡ್ರೇ! ಬಾಯೀಸಾಹೇಬ, ಜರಾ ಖಜಾನಾ ತೆಗೀರಿ, ನಾವೂ ಉಣ್ಬೇಕು!”

“ತೆಗೀತೇನಿ ತಡಿ. ಖಜಾನಾದಾಗ ನನ್ನ ಬೆರಳ ಅದಾವ” ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು.

ಒಂದು ದಿನ ಸೇಠಜಿ ಔರಾದದಿಂದ ಬಂದರು. ಅಲ್ಲಿಯೂ ಅವರದೊಂದು ಜಿನ್ ಇತ್ತು. ಸ್ಟೇಷನ್ನಿನಲ್ಲಿ ಗೂಡ್ಸ್ ಡಬ್ಬಿ ಬಂದು ನಿಂತಿದೆ, ಅರಳೆಯ ಗಂಟುಗಳು ಇನ್ನೂ ತಯಾರಿಲ್ಲ. ಒಳಗೆ ಬಂದು ನೋಡಿದರೆ ಯಂತ್ರದ ಸಾಲು ಸುಮ್ಮನೆ ನಿಂತಿದೆ, ಹಿಡಿಕೆಗೆ ಸರಪಳಿ, ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾರೆ. ಶಿವನಂಜಯ್ಯನವರು ಕೆಲಸದ ಮೇಲೆ ಬೀದರಕ್ಕೆ ಹೋಗಿದ್ದರು.

“ತೆಗಿ ಇದನ್ನ!”

“ಪುತಳಕ್ಕ ಕೆಳಗ ಅದಾಳ್ರಿ ಸೇಠಜಿ. ಕೀಲಿಕೈ ಆಕಿ ಬಲ್ಲಿ ಅದ” ಎಂದ ನರಸಿಂಗ.

“ಕೀಲಿಕೈ ಒಂದೇ ಇರ್ತದೇನೋ ಹುಚ್ಚಪ್ಪಾ?”

ಹೊಸ ಬೀಗಕ್ಕೆ ಎರಡು ಕೀಲಿಕೈ ಬಂದಿದ್ದವು. ಎರಡನೆಯದನ್ನು ಶಿವನಂಜಯ್ಯನವರು ರೂಢಿಯಂತೆ ಆಫೀಸಿನ ಮೇಜಿನ ಡ್ರಾದಲ್ಲಿ ಹಾಕಿದ್ದರು. ಸೇಠಜಿ ಖುದ್ದು ಹೋಗಿ ತಂದು ಬೀಗಕ್ಕೆ ಹಾಕಿದರು.

ಗಲ್ಲಿಯಲ್ಲಿ ಪುತಳಾಬಾಯಿ ದಂಡದ ಕೆಳಗೆ ಬೆನ್ನು ಬಗ್ಗಿಸಿದ್ದಳು. ಕೈ ಹಗ್ಗದೊಳಗಿತ್ತು. ತಲೆಯ ಮೇಲೆ ಸರಪಳಿ ಗಲ್ ಎಂದಿತು. ಅದು ಬೀಗ ಬಿಚ್ಚಿದಾಗ ಆಗುವ ಸಪ್ಪಳ ಎಂಬುದು ಆಕೆಗೆ ಗೊತ್ತು. ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಕೀಲಿಕೈ ಅಲ್ಲೇ ಇತ್ತು. ಕುಡಗೋಲು ಅಲ್ಲೇ ಬಿಟ್ಟು, ಮೊಣಕಾಲು ತರಚುವ ಹಾಗೆ ಮೆಟ್ಟಿಲು ಹತ್ತಿ ಬಂದಳು. ಸರಪಳಿ ಜೋತು ಬಿದ್ದಿತ್ತು. ಬೀಗ ಸೇಠಜಿಯ ಕೈಯಲ್ಲಿ ಬಾಯಿ ತೆರೆದುಕೊಂಡಿತ್ತು. ನರಸಿಂಗ ಹಿಡಿಕೆಯನ್ನು ಎರಡೂ ತೋಳಿನಿಂದ ಅಪ್ಪಿಕೊಂಡು ನಿಂತಿದ್ದ, ದೂಡುವುದಕ್ಕಲ್ಲ, ಬೇರೆ ಯಾರೂ ದೂಡಬಾರದೆಂದು.

“ನಿನ್ನ ಕರೀಬೇಕಂತನೇ ಇದ್ದೆ” ಎಂದರು ಸೇಠಜಿ, ಸ್ವಲ್ಪ ಹಿಂಜರಿದು.

“ಕರ್ಯಾಕ ಮೊದಲ ಕೀಲಿ ತೆಗೀಬೇಕೇನ್ರಿ?”

ಆಕೆ ಸೆರಗಿನ ಗಂಟು ಬಿಚ್ಚಿ ತನ್ನ ಕೀಲಿಕೈಯನ್ನು ಅವರ ಎದುರಿನ ತೂಕದ ಕಟ್ಟೆಯ ಮೇಲೆ ಇಟ್ಟಳು. “ಇದೂ ನೀವೇ ಇಟ್ಕೋರಿ ಸೇಠಜಿ. ಎರಡ ಕೀಲಿಕೈ ಇದ್ದ ಕೀಲಿ ನನ್ನ ಕೆಲಸಕ್ಕ ಬರೂದಿಲ್ಲ” ಎಂದು, ಬುತ್ತಿಯ ಬಟ್ಟೆ ಕೊಡವಿಕೊಂಡು ಹೊರಟೇ ಹೋದಳು. ಕೆಲಸ ಬಿಟ್ಟಳು ಎಂದುಕೊಂಡರು ಎಲ್ಲರೂ.

ಆಕೆ ಹೋದದ್ದು ಮೆಹಕರಕ್ಕೆ. ಧೊಂಡಿಬಾ ಕುರಿ ದೊಡ್ಡಿಗೆ ಬೇಲಿ ಕಟ್ಟುತ್ತಿದ್ದ. ಹೆಂಡತಿ ಬಂದವಳೇ ಮನೆಬಾಗಿಲಿನ ಕೀಲಿಯನ್ನು ಕಳಚಿ ಕೈಯಲ್ಲಿ ತೂಗಿ ನೋಡುತ್ತಿರುವುದನ್ನು ಕಂಡು ಎದ್ದು ಬಂದ. ಅದು ಮಾವನ ಕಾಲದ ಕೀಲಿ, ತೆಂಗಿನ ಹೋಳಿನಷ್ಟು ದೊಡ್ಡದು. ಅದರ ಇನ್ನೊಂದು ಕೀಲಿಕೈ ಅತ್ತೆ ನೀರು ಸೇದುವಾಗ ಬಾವಿಗೆ ಬಿದ್ದು ಹೋಗಿತ್ತು. ಅದಕ್ಕಾಗಿ ಅತ್ತೆ ಸಾಯುವ ತನಕ ಮಾತು ಕೇಳಿದ್ದಳು.

“ಇದನ್ನ ಎಲ್ಲಿಗಿ ಒಯ್ತಿ?”

“ಜಿನ್ನಿಗಿ.”

“ಮತ್ತ ಮನಿಗಿ?”

“ಸುತಳಿ ಕಟ್ಟು.”

“ಕಳ್ರು ಬಂದ್ರ?”

“ಏನ ಒಯ್ತಾರ? ಎರಡ ಗಡಿಗಿ, ನಿನ್ನ ಹರಕ ಕಂಬಳಿ. ಮನ್ಯಾಗ ಕಾಯೂವಂಥಾದ್ದು ನನ್ನ ಈ ಎರಡ ಕೈ. ಅವು ಹಗಲೆಲ್ಲ ಅಲ್ಲಿ ಇರ್ತಾವ. ಕೀಲಿನೂ ಅಲ್ಲೇ ಇರಲಿ.”

ಧೊಂಡಿಬಾ ಕಂಬಳಿಯ ಮಾತಿಗೆ ಮುಖ ಸಣ್ಣ ಮಾಡಿಕೊಂಡ. ಆದರೂ ಒಳಗೆ ಹೋಗಿ ಸುತಳಿ ಹುಡುಕಿ ತಂದ. ಗಂಗುಬಾಯಿಯ ಕೈಯನ್ನು ಅವನೂ ನೋಡಿ ಬಂದಿದ್ದ.

ಮರುದಿನ ಪುತಳಾಬಾಯಿ ಜಿನ್ನಿಗೆ ಬಂದಾಗ ಸೇಠಜಿಯೂ ಇದ್ದರು, ಬೀದರದಿಂದ ಬಂದ ಶಿವನಂಜಯ್ಯನವರೂ ಇದ್ದರು. ಗಲ್ಲಿ ಕಾಳಿನಿಂದ ತುಂಬಿತ್ತು. ದಂಡಕ್ಕೆ ಸುತ್ತಿದ ಹಗ್ಗ ದಪ್ಪವಾಗಿ ಸುಟ್ಟ ವಾಸನೆ ಬಂದು, ಖಾಸಿಂ ಅಲಿಯೇ ಹಿಡಿಕೆ ಎಳೆದು ದಂಡ ನಿಲ್ಲಿಸಿದ್ದ. ಆಕೆ ಯಾರನ್ನೂ ಕೇಳದೆ ಹಿಡಿಕೆಗೆ ಸರಪಳಿ ಸುತ್ತಿ ಮನೆಯ ಕೀಲಿ ಜಡಿದಳು.

“ನನ್ನ ಮಶೀನಿಗಿ ನಿನ್ನ ಮನಿ ಕೀಲಿ?” ಸೇಠಜಿಯ ದನಿ ಏರಿತು.

“ಮಶೀನ ನಿಮ್ದ್ರಿ. ಕೈ ನಂದು.”

“ನೀ ಇಲ್ಲಂದ್ರ ಇನ್ನೊಬ್ಬಾಕಿನ್ನ ಇಳಿಸ್ತೇನಿ.”

“ಇಳಿಸ್ರಿ. ಆಕಿಗೂ ಕೈ ಇರ್ತಾವ.”

ಶಿವನಂಜಯ್ಯನವರು ಮುಂದೆ ಬಂದರು. “ಎರಡನೇ ಕೀಲಿಕೈ ಡ್ರಾದಲ್ಲಿ ಇಟ್ಟಿದ್ದು ನಾನು. ಆಯಮ್ಮನ ಕೈಗೆ ಎರಡನ್ನೂ ಕೊಡಬೇಕಿತ್ತು. ಆಯಮ್ಮನ ಬೀಗ ಇರೋ ತನಕ ಈ ಹಿಡಿಕೆ ನಾನೂ ಮುಟ್ಟೋದಿಲ್ಲ, ಯಾರನ್ನೂ ಮುಟ್ಟು ಅನ್ನೋದೂ ಇಲ್ಲ, ಸ್ವಾಮಿ. ನನ್ನನ್ನ ಇಟ್ಕೊಳ್ಳೋದು ಬಿಡೋದು ನಿಮಗೆ ಸೇರಿದ್ದು.”

“ಬಿಡೂ ಅನ್ನೂ ಮಾತ ಇಲ್ಲಿ ಆಡಬ್ಯಾಡ್ರಿ ಸಾಬ!” ಎಂದ ಖಾಸಿಂ ಅಲಿ. ನಗಬಾರದ ಹೊತ್ತಿನಲ್ಲಿ ಕೆಲವರು ನಕ್ಕೇ ಬಿಟ್ಟರು.

ಸೇಠಜಿ ಮೇಲಂತಸ್ತಿನ ಕಡೆ ಮುಖ ಎತ್ತಿದರು. “ಯಾರ ಇಳೀತೀರಿ ಗಲ್ಲಿಗಿ? ಹೇಳ್ರಿ!”

ಕುಬರಾ ಓಢಣಿಯ ಹತ್ತಿ ಜಾಡಿಸಿಕೊಂಡು ಎದ್ದಳು. “ನಾ ಇಳೀತೇನ್ರಿ ಸೇಠಜಿ.”

ಪುತಳಾಬಾಯಿ ತಿರುಗಿ ನೋಡಿದಳು. ಸೇಠಜಿಯ ಮುಖ ಅರಳಿತು.

“ಆದ್ರ ಜರಾ ತಡೀರಿ,” ಕುಬರಾ ಮೆಟ್ಟಿಲು ಇಳಿಯುತ್ತ ಹೇಳಿದಳು, “ನಮ್ಮ ಮನಿ ಇಲ್ಲೇ ಸ್ಟೇಷನ್ ಹಿಂದ ಅದ. ಹೋಗಿ ನಮ್ಮ ಮನಿ ಕೀಲಿನೂ ತರ್ತೇನಿ. ಒಳಗ ಇಬ್ಬರು, ಕೀಲಿನೂ ಎರಡು. ಈ ಪುತಳಾಬಾಯಿ ತಾ ಹೊರಗ ಬಂದು ತನ್ನ ಕೀಲಿ ತೆಗದು ನನ್ನ ಒಳಗ ಮರತ್ರ? ಇಕಿ ಜಾಗೀರದಾರ್ನಿ, ನೆಪ್ಪ ಇರ್ಬೇಕಲ್ಲ!”

ಈ ಸಲ ಜಿನ್ನಿಗೆ ಜಿನ್ನೇ ನಕ್ಕಿತು. ಕುಬರಾ ಹೋದಳು, ಸೊಟ್ಟಗಾದ ಒಂದು ಸಣ್ಣ ಕೀಲಿ ತಂದಳು, ಮನೆಕೀಲಿಯ ಮಗ್ಗುಲಿಗೆ ಅದೇ ಸರಪಳಿಗೆ ಜಡಿದಳು. ನರಸಿಂಗನನ್ನು ಕರೆದು ಜಗ್ಗಿಸಿ ನೋಡಿದರು. ಇಬ್ಬರೂ ಇಳಿದರು.

ಸ್ಟೇಷನ್ನಿನ ಕಡೆಯಿಂದ ಗೂಡ್ಸಿನ ಸೀಟಿ ಕೇಳುತ್ತಿತ್ತು. ಸೇಠಜಿ ತೂಕದ ಕಟ್ಟೆಯ ಮೇಲೆ ಕೂರುವುದು, ಏಳುವುದು. ಕೆಳಗೆ ಪುತಳಾಬಾಯಿ ಎಂದಿನ ಹಾಗೆಯೇ ಕೊಯ್ದಳು, ಎಂದಿನ ಹಾಗೆಯೇ ಬಳಿದಳು. ಅವಸರ ಮಾಡಲಿಲ್ಲ, ಬೇಕೆಂದು ತಡವನ್ನೂ ಮಾಡಲಿಲ್ಲ. ಹಗ್ಗ ಪೂರ್ತಿ ಬಿಚ್ಚಿ ದಂಡದ ಕಬ್ಬಿಣ ಕಾಣುವ ತನಕ ಕೈ ತೆಗೆಯಲಿಲ್ಲ.

“ಓಡಿಸೋ ನರಸಿಂಗಾ! ಕೇಳ್ಲಿಲ್ಲೇನ, ಓಡಿಸು!” ಸೇಠಜಿ ಕಟ್ಟೆಯಿಂದಲೇ ಕೂಗಿದರು. ಬೀಗ ಇದ್ದುದು ಮರೆತು ಕೂಗಿದರೋ, ಬಾಯಿ ರೂಢಿಗೆ ಕೂಗಿದರೋ. ನರಸಿಂಗ ಅವರ ಬಾಯಿ ನೋಡಲಿಲ್ಲ. ಸರಪಳಿ ನೋಡಿದ. ಎರಡೂ ಕೀಲಿ ಅಲ್ಲೇ ಇದ್ದವು. ಅವನು ಬೀಡಿ ಹಚ್ಚಲು ಹೊರಗೆ ಹೋದ.

ಕುಬರಾ ಮೊದಲು ಮೇಲೆ ಬಂದು ತನ್ನ ಕೀಲಿ ತೆಗೆದಳು. ಹಿಡಿಕೆ ಆಗಲೂ ಕದಲಲಿಲ್ಲ. ಪುತಳಾಬಾಯಿ ಮೆಟ್ಟಿಲ ಕೊನೆಗೆ ಬಂದು, ಹಿಂದಕ್ಕೆ ಬಗ್ಗಿ ಗಲ್ಲಿಯೊಳಗೆ ಒಮ್ಮೆ ಕಣ್ಣಾಡಿಸಿ, ಸೆರಗಿನ ಗಂಟು ಬಿಚ್ಚಿದಳು. ದೊಡ್ಡ ಕೀಲಿ ಕಳಚಿ ಮಡಿಲಿಗೆ ಹಾಕಿಕೊಂಡಳು. ಏನೂ ಕೂಗಲಿಲ್ಲ. ನರಸಿಂಗ ಬೀಡಿ ಹೊಸಕಿ ಬಂದು ಖಾಲಿ ಸರಪಳಿ ಕಂಡು ಹಿಡಿಕೆ ದೂಡಿದ. ಯಂತ್ರದ ಸಾಲು ಎದ್ದಿತು. ಆ ಹೊತ್ತಿಗೆ ಗೂಡ್ಸ್ ಗಾಡಿ ಇನ್ನೂ ಸ್ಟೇಷನ್ನಿನಲ್ಲೇ ನಿಂತಿತ್ತು.

ಮುಂದೆ ಔರಾದದ ಜಿನ್ನಿನಲ್ಲೂ ಹಿಡಿಕೆಗೆ ಸರಪಳಿ ಬಂತು. ಅದನ್ನು ಕಾಯಲು ಗಂಗುಬಾಯಿಯನ್ನು ಕೂರಿಸಬೇಕೆಂದು ಶಿವನಂಜಯ್ಯನವರು ಹಟ ಹಿಡಿದು ಸೇಠಜಿಯಿಂದ ಒಪ್ಪಿಗೆ ತೆಗೆದುಕೊಂಡರು. ಕೆಳಗೆ ಇಳಿಯುವ ಹೆಂಗಸರು ತಮ್ಮ ಕೀಲಿ ತಂದಿರದಿದ್ದರೆ ಆಕೆ ಮಡಚದ ಬಲಗೈಯನ್ನು ಮುಖದ ಮುಂದೆ ಹಿಡಿಯುತ್ತಿದ್ದಳು. “ಇಂಥಾದ್ದು ಬೇಕೇನವ್ವಾ? ಬ್ಯಾಡಂದ್ರ ಹೋಗು, ಮನಿಗಿ ಹೋಗಿ ಕೀಲಿ ತಾ.” ಆಮೇಲೆ ಹಾಡು ಶುರು ಮಾಡುತ್ತಿದ್ದಳು.

ಹಂಗಾಮು ಮುಗಿದು ಪುತಳಾಬಾಯಿ ಮೆಹಕರಕ್ಕೆ ಬಂದಾಗ ಧೊಂಡಿಬಾ ಸುತಳಿ ಬಿಚ್ಚಿ ಕೀಲಿ ಕೈಗೆ ತೆಗೆದುಕೊಂಡ. ಕೀಲಿಕೈ ಒಳಗೆ ಹೋಗಲೊಲ್ಲದು. ರಂಧ್ರದ ತುಂಬ ಅರಳೆ ಹೊಕ್ಕು ಬಿಗಿದಿತ್ತು. ಆಕೆ ತಲೆಯ ಪಿನ್ನು ತೆಗೆದು ಒಂದೊಂದೇ ಎಳೆ ಕಿತ್ತಳು.

“ಬರೂ ವರ್ಷ ಮನಿಗಿ ಇನ್ನೊಂದು ಕೀಲಿ ತರೋಣೇನು?” ಎಂದ ಅವನು.

“ತಾ,” ಎಂದಳು ಆಕೆ, ಎಳೆ ಕೀಳುತ್ತಲೇ. “ಇದು ಮತ್ತ ಹೋಗ್ತದ.”